ತನಖಾ

ಒಂದನೇ ತಾರೀಖು ಬಂತೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಕೇಳುವ ಮಾತು ‘ತನಖಾ ಆಯಿತೇ?’ ಎಂದು. ತನಖಾ ಎಂದರೆ ಸಂಬಳ, ಅಷ್ಟೇ. ಆದರೆ ಮೊಗಲರ ದಫ್ತರಗಳಲ್ಲಿ ಈ ಶಬ್ದಕ್ಕೆ ಬೇರೆ ಅರ್ಥವಿತ್ತು. ಸೇನಾಧಿಕಾರಿಗೆ ಸಲ್ಲಬೇಕಾದ ಹಣಕ್ಕೆ ‘ತಲಬು’ ಎನ್ನುತ್ತಿದ್ದರು. ಆ ಹಣ ವಸೂಲು ಮಾಡಿಕೊಳ್ಳಲು ಅವನ ಹೆಸರಿಗೆ ಬರೆದುಕೊಟ್ಟ ಊರುಗಳ ಕಂದಾಯವೇ ‘ತನಖಾ’. ಅಂದರೆ ಸಂಬಳ ಖಜಾನೆಯಿಂದಲ್ಲ, ರೈತನ ಕಣದಿಂದ ನೇರವಾಗಿ ಬರುತ್ತಿತ್ತು.

ಅಕ್ಬರನ ಕಾಲದ ಲೆಕ್ಕ ‘ಆಯಿನೆ ಅಕ್ಬರಿ’ಯಲ್ಲಿದೆ. ಐದು ಸಾವಿರದ ಮನ್ಸಬ್‌ದಾರನಿಗೆ ತಿಂಗಳಿಗೆ 30,000 ರೂಪಾಯಿ, ನೂರರವನಿಗೆ 700. ಕೇಳಿದರೆ ಬಾಯಿ ನೀರೂರುತ್ತದೆ. ಆದರೆ ಆನೆ, ಒಂಟೆ, ಬಂಡಿಗಳನ್ನು ಆತ ಇದರಲ್ಲೇ ಸಾಕಬೇಕು. ಸವಾರರ ಖರ್ಚಿಗೆ ಬೇರೆ ಹಣವುಂಟು, ಆದರೆ ಆ ಕುದುರೆಗಳಿಗೆ ಮುದ್ರೆ ಒತ್ತಿಸಿ, ಸವಾರರ ಚಹರೆ ಬರೆಸಿ ಬಕ್ಷಿಯ ಮುಂದೆ ನಿಲ್ಲಿಸಬೇಕು. ಮುದ್ರೆಯ ಪದ್ಧತಿ ಏಕೆ ಬಂತೆಂದು ಹೇಳಬೇಕಾಗಿಲ್ಲ. ಒಂದೇ ಕುದುರೆಯನ್ನು ಎರಡು ಸಲ ತೋರಿಸುವ ಜಾಣರು ಎಲ್ಲ ಕಾಲದಲ್ಲೂ ಇದ್ದಾರೆ.

ಕಾಗದದ ಕಂದಾಯಕ್ಕೂ ಕೈಗೆ ಸಿಗುವ ಕಂದಾಯಕ್ಕೂ ತಾಳೆಯಾಗದೆ ಹೋದಾಗ ಶಾಹಜಹಾನನ ದಿವಾನರು ಒಂದು ಉಪಾಯ ಹೂಡಿದರು. ಜಾಗೀರುಗಳನ್ನು ತಿಂಗಳ ಲೆಕ್ಕದಲ್ಲಿ ವಿಂಗಡಿಸಿದರು. ಎಂಟು ತಿಂಗಳ ಜಾಗೀರು, ಆರು ತಿಂಗಳ ಜಾಗೀರು, ಹೀಗೆ. ನಮ್ಮ ದಖ್ಖನಿನಲ್ಲಿ ಅದು ನಾಲ್ಕಕ್ಕೂ ಇಳಿಯಿತು. ವರ್ಷವೆಲ್ಲ ದುಡಿ, ನಾಲ್ಕು ತಿಂಗಳದ್ದು ತಗೋ! ಅದಕ್ಕೆ ತಕ್ಕಂತೆ ಸವಾರರ ಸಂಖ್ಯೆಯಲ್ಲೂ ರಿಯಾಯಿತಿ ಕೊಟ್ಟರು. ಮೂರು ನಾಲ್ಕು ವರ್ಷಕ್ಕೊಮ್ಮೆ ಜಾಗೀರು ಬೇರೆಡೆಗೆ ವರ್ಗವಾಗುತ್ತಿತ್ತು. ನಾಳೆ ತನ್ನದಲ್ಲದ ಊರಿನಲ್ಲಿ ಇವನು ಬಾವಿ ತೋಡಿಸುವನೇ? ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಬಿದ್ದ ಮೇಲೆ ಅಲ್ಲಿನ ಸರದಾರರಿಗೂ ಮನ್ಸಬು ಕೊಡಬೇಕಾಯಿತು. ಕೊಡಲು ಜಾಗೀರುಗಳೇ ಉಳಿಯಲಿಲ್ಲ. ಮನ್ಸಬಿನ ಕಾಗದ ಜೇಬಿನಲ್ಲಿಟ್ಟುಕೊಂಡು ದರಬಾರಿನ ಬಾಗಿಲಲ್ಲಿ ಮುದುಕರಾದವರೆಷ್ಟೋ.

ಇದೆಲ್ಲಕ್ಕಿಂತ ನಮ್ಮನ್ನು ಕಾಡುವುದು ಆ ಅಧಿಕಾರಿ ಸತ್ತ ಮೇಲಿನ ಲೆಕ್ಕ. ಅವನ ಹೆಂಡತಿ ಮಕ್ಕಳಿಗೆ ಪಿಂಚಣಿಯೆಂಬ ಹಕ್ಕು ಇರಲಿಲ್ಲ. ಸರಕಾರಕ್ಕೆ ಅವನಿಂದ ಬರಬೇಕಾದ ಬಾಕಿಗೆ ‘ಮುತಾಲಬಾ’ ಎನ್ನುತ್ತಿದ್ದರು. ಕಣ್ಣು ಮುಚ್ಚಿದೊಡನೆ ಮನೆಗೆ ಮೊಹರು ಬೀಳುತ್ತಿತ್ತು. ಬಾಕಿಯಿಲ್ಲದವರ ಆಸ್ತಿಯನ್ನು ವಾರಸುದಾರರಿಗೇ ಬಿಡಬೇಕೆಂದು ಔರಂಗಜೇಬನು ಫರ್ಮಾನು ಹೊರಡಿಸಿದನು. ಆದರೆ ಬಾಕಿಯಿಲ್ಲದವರು ಎಷ್ಟು ಮಂದಿ?

ದೊಡ್ಡ ಸುಬಾಗಳ ಈ ರೂಢಿ ಚಿಕ್ಕ ಠಾಣೆಗಳಿಗೂ ಇಳಿದಿತ್ತು. ಬೂದಿಕೋಟೆಯ ಜಾಗೀರಿದ್ದ ಫತೇಹ್ ಮುಹಮ್ಮದ್ ಶಿರಾದ ಸುಬೇದಾರನ ಪರವಾಗಿ ಕಾದಾಡಿ 1728ರ ಸುಮಾರಿಗೆ ಸತ್ತನು. ಅದೇ ಯುದ್ಧದಲ್ಲಿ ಸುಬೇದಾರನೂ ಸತ್ತನು. ಸುಬೇದಾರನ ಮಗ ಅಬ್ಬಾಸ್ ಕುಲಿ ಖಾನನ ಕೈಯಲ್ಲಿ ದೊಡ್ಡಬಳ್ಳಾಪುರವಿತ್ತು, ಫತೇಹ್ ಮುಹಮ್ಮದನ ಹೆಂಡತಿ ಮಕ್ಕಳೂ ಅಲ್ಲೇ ಇದ್ದರು. ನನ್ನ ತಂದೆಗೆ ಪ್ರಾಣ ಕೊಟ್ಟವನ ಮಕ್ಕಳು ಎನ್ನಲಿಲ್ಲ ಅವನು, ನಿಮ್ಮಪ್ಪನ ಬಾಕಿ ಎಲ್ಲಿ ಎಂದು ಕೇಳಿದನು. ಕಿರಿಯ ಹುಡುಗನಿಗೆ ಆಗ ಏಳು ವರ್ಷ. ಅವನನ್ನೂ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ಕೂರಿಸಿ ಹಿಂಸಿಸಿದರೆಂದು ಇತಿಹಾಸಕಾರರು ಬರೆಯುತ್ತಾರೆ. ಇದ್ದಬದ್ದದ್ದನ್ನೆಲ್ಲ ತೆತ್ತ ಮೇಲೆ ತಾಯಿಮಕ್ಕಳು ಬಿಡುಗಡೆಯಾದರು.

ಆ ಕಿರಿಯ ಹುಡುಗನೇ ಹೈದರ್ ಅಲಿ. 1761ರಲ್ಲಿ ಅವನು ದೊಡ್ಡಬಳ್ಳಾಪುರಕ್ಕೆ ಬಂದಾಗ ಅಬ್ಬಾಸ್ ಕುಲಿ ಮನೆಯವರನ್ನೂ ಬಿಟ್ಟು ಓಡಿಹೋಗಿದ್ದನು. 1769ರಲ್ಲಿ ಹೈದರನ ಕುದುರೆಗಳು ಮದರಾಸಿನ ಬಾಗಿಲಿಗೆ ಬಂದಾಗ ಅಲ್ಲಿ ಅಡಗಿದ್ದ ಅವನು ಹಡಗು ಹತ್ತಿದನಂತೆ. ಸಾಲಗಾರ ಯಾರು, ಸಾಹುಕಾರ ಯಾರು ಎಂಬುದು ಆ ಹೊತ್ತಿಗೆ ಅದಲುಬದಲಾಗಿತ್ತು.

ಅತ್ತ ಬಂಗಾಳದಲ್ಲಿ ಕಂಪನಿಯ ಗೋರಾ ಅಧಿಕಾರಿಗಳದು ಬೇರೆಯೇ ರಾಗ. ಪ್ಲಾಸಿ ಗೆದ್ದ ಮೇಲೆ ನವಾಬ ಮೀರ್ ಜಾಫರ್ ಅವರಿಗೆ ದುಪ್ಪಟ್ಟು ಭತ್ಯೆ ಕೊಡುತ್ತಿದ್ದನು. 1766ರಲ್ಲಿ ಕ್ಲೈವ್ ಅದನ್ನು ನಿಲ್ಲಿಸಿದಾಗ ಅಧಿಕಾರಿಗಳು ಒಟ್ಟಾಗಿ ರಾಜೀನಾಮೆ ಎಸೆದರು. ಮುಂಗೇರಿನಲ್ಲಿ ಗೋರಾ ಸಿಪಾಯಿಗಳು ಕೆರಳಿದಾಗ ಅವರನ್ನು ಅಡಗಿಸಲು ನಿಂತವರು ನಮ್ಮ ದೇಶದ ಸಿಪಾಯಿಗಳು. ಇವರಿಗೇನೂ ದುಪ್ಪಟ್ಟು ಭತ್ಯೆ ಇರಲಿಲ್ಲ.

ಅಷ್ಟರಲ್ಲಿ ಮೀರ್ ಜಾಫರ್ ತೀರಿಕೊಂಡು ಕ್ಲೈವನಿಗೆ ಐದು ಲಕ್ಷ ರೂಪಾಯಿ ಬರೆದಿಟ್ಟಿದ್ದನು. ಕ್ಲೈವ್ ಅದನ್ನು ಕಂಪನಿಗೆ ಒಪ್ಪಿಸಿ, ಅಂಗವಿಕಲರಾದ ಅಧಿಕಾರಿ, ಸೈನಿಕರಿಗೂ ವಿಧವೆಯರಿಗೂ ಪಿಂಚಣಿ ಕೊಡುವ ನಿಧಿಯನ್ನಾಗಿ ಮಾಡಿದನು. 1770ರ ಕರಾರಿನ ಪ್ರಕಾರ, ಕಂಪನಿಗೆ ಸೈನ್ಯವಿಲ್ಲದಾದರೆ ಮೂಲಧನ ಕ್ಲೈವನ ವಾರಸುದಾರರಿಗೆ ಸೇರತಕ್ಕದ್ದು. 1857ರ ಬಂಡಾಯದ ನಂತರ ಆ ಸೈನ್ಯ ರಾಣಿಯ ಸೈನ್ಯವಾಯಿತು. ವಾರಸುದಾರರು ಕೋರ್ಟಿಗೆ ಹೋದರು. 1863ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಅವರ ಪರವಾಗಿ ತೀರ್ಪು ಕೊಟ್ಟಿತು. ಮುರ್ಷಿದಾಬಾದಿನ ನವಾಬನ ದುಡ್ಡು ಕ್ಲೈವನ ವಂಶದವರಿಗೆ ಸಂದಾಯವಾಯಿತು.