ಸತ್ತವರ ಪಿಂಚಣಿ, ಬದುಕಿದ್ದವರ ಹೆಬ್ಬೆಟ್ಟು

ಪಿಂಚಣಿದಾರ ತೀರಿಹೋಗಿ ಎಷ್ಟೋ ಕಾಲವಾಗಿರುತ್ತದೆ. ಖಜಾನೆಯ ಪುಸ್ತಕದಲ್ಲಿ ಮಾತ್ರ ಆತ ಗಟ್ಟಿಮುಟ್ಟಾಗಿ ಬಂದು ಹಣ ಎಣಿಸಿಕೊಂಡು ಹೋಗುತ್ತಿರುತ್ತಾನೆ. ಶಿಕ್ಷೆಯಾದವನು ಮನೆಯಲ್ಲಿ ಹಾಯಾಗಿದ್ದರೆ, ದುಡ್ಡಿಗೆ ಒಪ್ಪಿದ ಇನ್ನೊಬ್ಬ ಅವನ ಹೆಸರು ಹೊತ್ತು ಜೈಲಿನಲ್ಲಿರುತ್ತಾನೆ. ಜಮೀನು ಬರೆದುಕೊಟ್ಟವನು ಕೋರ್ಟಿನಲ್ಲಿ ನಿಂತು ‘ಆ ರುಜು ನನ್ನದಲ್ಲ’ ಎನ್ನುತ್ತಾನೆ. 1877ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದ ವಿಲಿಯಂ ಜೇಮ್ಸ್ ಹರ್ಷೆಲ್‌ನ ತಲೆ ತಿನ್ನುತ್ತಿದ್ದದ್ದು ಇಂಥ ಮೋಸಗಳೇ. ಬೆರಳಚ್ಚು ಎಂದೊಡನೆ ನಮಗೆ ಪತ್ತೇದಾರಿ ಕತೆಗಳು ನೆನಪಾಗುತ್ತವೆ. ಅದು ಸರ್ಕಾರಿ ಕಚೇರಿಗೆ ಕಾಲಿಟ್ಟದ್ದು ಮಾತ್ರ ಒಬ್ಬರ ಹೆಸರನ್ನು ಇನ್ನೊಬ್ಬರು ಕದಿಯದಂತೆ ಕಾಯುವುದಕ್ಕೆ.

ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದ ಖಗೋಳಜ್ಞನ ಮೊಮ್ಮಗ. ಇಪ್ಪತ್ತೈದರ ಹರೆಯದಲ್ಲಿ ಆತ ಮುರ್ಷಿದಾಬಾದ್ ಜಿಲ್ಲೆಯ ಜಂಗೀಪುರದಲ್ಲಿದ್ದ. 1858ರ ಜುಲೈನಲ್ಲಿ ರಸ್ತೆಗೆ ಜಲ್ಲಿ ಪೂರೈಸಲು ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನೊಂದಿಗೆ ಕರಾರಾಯಿತು. ಕರಾರನ್ನು ಕೋನಾಯ್ ಬಂಗಾಳಿಯಲ್ಲಿ ತನ್ನ ಕೈಯಾರೆ ಬರೆದ. ಇನ್ನೇನು ರುಜು ಹಾಕಬೇಕು ಅನ್ನುವಾಗ ಹರ್ಷೆಲ್‌ಗೆ ಏನೋ ಹೊಳೆಯಿತು: ಕಚೇರಿಯ ಮೊಹರಿಗೆ ಬಳಸುವ ಎಣ್ಣೆಮಸಿಯನ್ನು ಅವನ ಅಂಗೈಗೆ ಬಳಿದು ಕರಾರಿನ ಹಿಂಬದಿಗೆ ಒತ್ತಿಸಿದ. ಮುಂದೆ ‘ನಾನು ಬರೆದೇ ಇಲ್ಲ’ ಎನ್ನದಂತೆ ಅವನನ್ನು ಹೆದರಿಸುವುದಷ್ಟೇ ಉದ್ದೇಶವಾಗಿತ್ತೆಂದು ಆಮೇಲೆ ಆತನೇ ಹೇಳಿಕೊಂಡ. ವಿಜ್ಞಾನ ಹಿಂದಿನಿಂದ ಬಂತು. ಮೊದಲು ಬಂದದ್ದು ಸಾಹೇಬನ ಅನುಮಾನ.

ಅಲ್ಲಿಂದ ಹರ್ಷೆಲ್‌ಗೆ ಬೆರಳಚ್ಚಿನ ಗೀಳು ಹತ್ತಿತು. ಸ್ನೇಹಿತರು, ಸಹೋದ್ಯೋಗಿಗಳು, ಕೊನೆಗೆ ತನ್ನದೇ ಬೆರಳು. ಇವುಗಳ ಗುರುತನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ತೆಗೆದು ಹೋಲಿಸಿದ. ಗೆರೆಗಳು ಬದಲಾಗಿರಲಿಲ್ಲ. ಹೂಗ್ಲಿಗೆ ಬಂದ ಮೇಲೆ, 1877ರಲ್ಲಿ, ಪಿಂಚಣಿ, ಪತ್ರಗಳ ನೋಂದಣಿ, ಜೈಲು ಮೂರರಲ್ಲೂ ಬೆರಳಚ್ಚನ್ನು ಜಾರಿಗೆ ತಂದ. ಬೇರೆಡೆಯೂ ಇದನ್ನು ಅನುಸರಿಸಬಹುದೆಂದು ಬಂಗಾಳದ ಜೈಲುಗಳ ಮೇಲಧಿಕಾರಿಗೆ ಬರೆದರೆ ಉತ್ಸಾಹದ ಉತ್ತರ ಬರಲಿಲ್ಲ. ಮರುವರ್ಷ ಆತ ಭಾರತ ಬಿಟ್ಟ. ಪದ್ಧತಿಯೂ ಮೂಲೆ ಸೇರಿತು.

ಬೆರಳಚ್ಚಿನ ಬಳಕೆಗಿದ್ದ ದೊಡ್ಡ ತೊಡಕು ಹುಡುಕಾಟದ್ದು. ಸಾವಿರಾರು ಹಾಳೆಗಳ ನಡುವೆ ಒಂದು ಬೆರಳನ್ನು ಪತ್ತೆ ಮಾಡುವುದು ಹೇಗೆ? ಅದನ್ನು ಬಿಡಿಸಿದವರು 1890ರ ದಶಕದ ಕಲ್ಕತ್ತೆಯ ಇಬ್ಬರು ಪೊಲೀಸ್ ನೌಕರರು: ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹತ್ತು ಬೆರಳುಗಳ ಗೆರೆಗಳನ್ನು ಲೆಕ್ಕಕ್ಕಿಳಿಸಿ, ದಾಖಲೆಗಳನ್ನು 1,024 ಗೂಡುಗಳಲ್ಲಿ ಹಂಚಿಡುವ ಕ್ರಮ ರೂಪುಗೊಂಡಿತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಆರಂಭವಾಯಿತು. ಕ್ರಮಕ್ಕೆ ಹೆಸರು ಬಿದ್ದದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಅದೇ ಹೆಸರಿನಲ್ಲಿ ಅದು 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ತಲುಪಿತು. ಪರರ ಹೆಸರು ಕದಿಯುವವರನ್ನು ಹಿಡಿಯುವ ವಿದ್ಯೆಯಲ್ಲೇ ಹೆಸರಿನ ವಿಷಯದಲ್ಲಿ ಹೀಗಾಯಿತು! ಹಕ್ ಮತ್ತು ಬೋಸರಿಗೆ ಸರ್ಕಾರದ ಗೌರವಧನ, ಬಿರುದು ಸಿಕ್ಕಿದ್ದು ಎಷ್ಟೋ ತಡವಾಗಿ.

ಪೊಲೀಸರಾಚೆಗೆ, ನೋಂದಣಿ ಕಚೇರಿಯ ಹೆಬ್ಬೆಟ್ಟೂ ಮುಂದೆ ದೇಶದಲ್ಲಿ ಬೇರೂರಿತು. ನೋಂದಣಿ ಕಾಯ್ದೆಯ 2001ರ ತಿದ್ದುಪಡಿಯಂತೂ ಆಸ್ತಿ ಪತ್ರಕ್ಕೆ ಫೋಟೊ, ಬೆರಳಚ್ಚು ಎರಡನ್ನೂ ಕಡ್ಡಾಯ ಮಾಡಿತು. ಹರ್ಷೆಲ್‌ನ ಕಾಲದಲ್ಲಿ ಆ ಗುರುತು ಕಚೇರಿಯ ಪುಸ್ತಕದೊಳಗೇ ಇರುತ್ತಿತ್ತು, ಅದನ್ನು ಒತ್ತಲು ಮನುಷ್ಯ ಎದುರಿಗೆ ಬರಬೇಕಿತ್ತು. ಪತ್ರಗಳು ಸ್ಕ್ಯಾನ್ ಆಗಿ ಜಾಲತಾಣಕ್ಕೆ ಏರಿದಾಗ ಈ ಎರಡು ಕಾವಲೂ ಒಟ್ಟಿಗೇ ಬಿದ್ದವು. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯ ಸಿಮ್ ವ್ಯಾಪಾರಿಯೊಬ್ಬ ಭೂದಾಖಲೆಗಳಿಂದ ಬೆರಳಚ್ಚು ತೆಗೆದು, ರಬ್ಬರ್ ಸ್ಟ್ಯಾಂಪ್ ಮಾಡಿಸಿ, ಪರರ ಹೆಸರಿನಲ್ಲಿ ಸಿಮ್ ಚಾಲೂ ಮಾಡಿ ಸಿಕ್ಕಿಬಿದ್ದ. 2023ರಲ್ಲಿ ಸರದಿ ಬೆಂಗಳೂರಿನದು. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಕ್ರಯಪತ್ರಗಳಿಂದ ಬೆರಳಚ್ಚು ಕದ್ದು, ಆಧಾರ್ ಆಧರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ಎಗರಿಸಿದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಈ ಪಾವತಿಗೆ ಒಟಿಪಿ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಸಾಕು. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸುವುದೆಲ್ಲಿ?

ಆಧಾರ್ ಪ್ರಾಧಿಕಾರ ಅದೇ ವರ್ಷ ಬೆರಳು ಜೀವಂತದ್ದೇ, ನಕಲಿಯೇ ಎಂದು ತಪಾಸಿಸುವ ವ್ಯವಸ್ಥೆ ತಂದಿತು. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಇದೆ: ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ‘ಬಯೊಮೆಟ್ರಿಕ್ ಲಾಕ್’ ಒತ್ತಿದರೆ, ನಾವೇ ತೆರೆಯುವವರೆಗೆ ಬೆರಳು ಎಲ್ಲೂ ನಡೆಯದು. ಹೋಟೆಲ್‌ಗೆ, ಬಾಡಿಗೆ ಮನೆಗೆ ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಟ್ಟರೆ ಅನೇಕ ಕಡೆ ಸಾಕಾಗುತ್ತದೆ. ಆದರೆ ಬೀಗಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಬೇಕು. ಬ್ಯಾಂಕಿನ ಪ್ರತಿನಿಧಿಯಾದ ‘ಬ್ಯಾಂಕ್ ಮಿತ್ರ’ನ ಯಂತ್ರಕ್ಕೆ ಬೆರಳಿಟ್ಟು ವೃದ್ಧಾಪ್ಯ ವೇತನ ಪಡೆಯುವ ಅಜ್ಜಿಗೆ ಈ ಬೀಗ ಒಗ್ಗದು. ‘ಯಂತ್ರ ಫೇಲ್ ಎಂದಿತು, ಇನ್ನೊಮ್ಮೆ ಒತ್ತಿ’ ಎಂದು ಆತ ಹೇಳಿದಾಗ ರಸೀದಿ ಕೇಳುವುದು, ಆಗಾಗ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಬರೆಸಿಕೊಳ್ಳುವುದು, ಸದ್ಯಕ್ಕೆ ಆಕೆಯ ಕೈಯಲ್ಲಿರುವುದು ಇಷ್ಟೇ.