ಇ-ಮೇಲ್‌ನ ಕಾನೂನು ಅಡಿಬರಹ: ಭಾಷೆ ಬದಲಾದರೆ ಸಾಲದು

ಎರಡು ಸಾಲಿನ ವ್ಯವಹಾರದ ಇ-ಮೇಲ್‌ಗೆ ಹತ್ತು ಸಾಲಿನ ಕಾನೂನು ಒಕ್ಕಣೆ ಬಾಲದಂತೆ ಅಂಟಿಕೊಂಡು ಬರುವುದು ಈಗ ಯಾರಿಗೂ ಹೊಸತಲ್ಲ. ಮೇಲಿನ ಪತ್ರ ಕನ್ನಡದಲ್ಲಿದ್ದರೂ ಈ ಡಿಸ್‌ಕ್ಲೈಮರ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ.

ಅದರಲ್ಲಿ ಎರಡು ಬಗೆಯ ಮಾತುಗಳು ಸೇರಿರಬಹುದು. ಒಂದು, ಕಾನೂನು ಕಡ್ಡಾಯಗೊಳಿಸಿದ ವಿವರ. ಇನ್ನೊಂದು, ಕಂಪನಿ ತನ್ನ ರಕ್ಷಣೆಗೆಂದು ಬರೆದುಕೊಂಡದ್ದು. ಮೊದಲನೆಯದನ್ನು ಮರೆತು ಎರಡನೆಯದನ್ನೇ ಲಂಬಿಸುವವರಿಗೆ ಕೊರತೆಯಿಲ್ಲ.

ಭಾರತದ ಕಂಪನಿಗಳ ಕಾಯ್ದೆ 2013ರ 12ನೇ ಕಲಮಿನನ್ವಯ ವ್ಯವಹಾರ ಪತ್ರಗಳಲ್ಲಿ ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, 21 ಅಕ್ಷರಾಂಕಿಗಳ ಗುರುತಿನ ಸಂಖ್ಯೆ, ದೂರವಾಣಿ ಮೊದಲಾದವು ಇರಬೇಕು. ತಪ್ಪಿದರೆ ದಿನಕ್ಕೆ 1,000 ರೂಪಾಯಿಯಂತೆ 1 ಲಕ್ಷ ರೂಪಾಯಿವರೆಗೆ ದಂಡ ತೆರಬೇಕಾಗುತ್ತದೆ. ಇ-ಮೇಲನ್ನೂ ಪತ್ರವೆಂದೇ ಎಣಿಸಬೇಕೆಂದು ಕಲಮು ಬಿಡಿಸಿ ಹೇಳಿಲ್ಲವಾದರೂ, ಪತ್ರದ ಬದಲು ಇ-ಮೇಲ್ ಕಳುಹಿಸುವವರು ಇವನ್ನು ಸೇರಿಸುವುದೇ ಕ್ಷೇಮ. ಇದೇ ಕಲಮು ಕಚೇರಿಯ ಹೊರಗಿನ ಫಲಕದಲ್ಲಿ ಸ್ಥಳೀಯ ಭಾಷೆಯ ಲಿಪಿಯನ್ನು ಕಡ್ಡಾಯಗೊಳಿಸಿದೆ. ಪತ್ರಕ್ಕೆ ಆ ನಿರ್ಬಂಧವಿಲ್ಲ.

ಬ್ರಿಟನ್ ಮತ್ತು ಜರ್ಮನಿ ಇಂಥ ನಿಯಮ ಇ-ಮೇಲ್‌ಗೂ ಅನ್ವಯಿಸುತ್ತದೆಂದು 2007ರ ಜನವರಿ 1ರಿಂದಲೇ ಸ್ಪಷ್ಟಪಡಿಸಿವೆ. ಜರ್ಮನಿಯ ಜಿಎಂಬಿಎಚ್ ಮಾದರಿಯ ಕಂಪನಿ ತನ್ನನ್ನು ನೋಂದಾಯಿಸಿಕೊಂಡ ನ್ಯಾಯಾಲಯ, ನೋಂದಣಿ ಸಂಖ್ಯೆ ಹಾಗೂ ಎಲ್ಲ ವ್ಯವಸ್ಥಾಪಕ ನಿರ್ದೇಶಕರ ಹೆಸರನ್ನು ನಮೂದಿಸಬೇಕು. ಬೆಂಗಳೂರಿನ ಕಂಪನಿಯೊಂದು ಅಲ್ಲಿ ಅಂಗಸಂಸ್ಥೆ ತೆರೆದು, ಇಲ್ಲಿನ ಅಡಿಬರಹವನ್ನೇ ಜರ್ಮನ್ ಭಾಷೆಗೆ ತರ್ಜುಮೆ ಮಾಡಿ ಹಾಕಿದರೆ ಭಾಷೆ ಸರಿಯಾದೀತು, ಆದರೆ ಬೇಕಾದ ವಿವರಗಳೇ ಇರುವುದಿಲ್ಲ.

ಇನ್ನು ರಕ್ಷಣೆಯ ಮಾತು. ಅಪರಿಚಿತನ ಕೈಸೇರಿದ ಪತ್ರದ ಕೆಳಗೆ ‘ಗೋಪ್ಯ’ ಎಂದು ಬರೆದ ಮಾತ್ರಕ್ಕೆ ಆತ ಒಪ್ಪಂದಕ್ಕೆ ಸಹಿ ಹಾಕಿದಂತಾಗದು. ಒಪ್ಪಂದವೇ ಏರ್ಪಡದು ಎಂಬ ಸಾಲನ್ನೂ ಪೂರ್ತಿ ನಂಬುವಂತಿಲ್ಲ. ಬಾಕ್ಸೈಟ್ ಪೂರೈಕೆಗೆ ಸಂಬಂಧಿಸಿದ ಟ್ರೈಮೆಕ್ಸ್-ವೇದಾಂತ ಪ್ರಕರಣದಲ್ಲಿ, ಇ-ಮೇಲ್ ವಿನಿಮಯದಿಂದಲೇ ಒಪ್ಪಂದ ಪೂರ್ಣಗೊಂಡಿದೆ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿತು. ದರ, ಪ್ರಮಾಣಗಳನ್ನು ಒಪ್ಪಿ ಸರಕು ತರಿಸಿಕೊಂಡವರು ಬಳಿಕ ಅಡಿಬರಹದ ಆಸರೆ ಹಿಡಿಯುವುದು ಕಷ್ಟ. ಇಂಗ್ಲಿಷ್ ಓದಲಾರದ ಸಣ್ಣ ಪೂರೈಕೆದಾರನ ಮೇಲೆ ಅದನ್ನು ಹೇರುವುದಂತೂ ನ್ಯಾಯವೆನಿಸದು. ನಿಜವಾಗಿ ಮುಖ್ಯವಾದ ಷರತ್ತಿದ್ದರೆ ಅದನ್ನು ಆತನ ಭಾಷೆಯಲ್ಲಿ, ಪತ್ರದ ಒಡಲಿನಲ್ಲೇ ಬರೆಯಬೇಕು.

ಕನ್ನಡದಲ್ಲಿ ಬರೆಯುವಾಗ ‘ಉದ್ದೇಶಿತ ಸ್ವೀಕೃತಿದಾರ’ ಎಂಬಂಥ ಪದ ಹೊಸೆಯಬೇಕಿಲ್ಲ. ‘ಈ ಪತ್ರ ನಿಮಗೆ ಬರೆದದ್ದಲ್ಲವಾದರೆ ದಯವಿಟ್ಟು ನಮಗೆ ತಿಳಿಸಿ, ಅಳಿಸಿಬಿಡಿ’ ಎಂದರೆ ಸಾಕು. ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಹಾಕುವುದಾದರೆ ಅರ್ಥಭೇದ ಬಂದಾಗ ಯಾವ ಪಾಠ ಅಂತಿಮ ಎಂಬುದನ್ನೂ ಸೂಚಿಸುವುದು ಒಳಿತು.

ತಾಂತ್ರಿಕ ಭಾಗ ಸುಲಭ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಂಥ ಸರ್ವರ್‌ನಲ್ಲಿ, ಯಾರಿಗೆ ಹೋಗುವ ಪತ್ರಕ್ಕೆ ಯಾವ ಅಡಿಬರಹ ಎಂದು ನಿಯಮ ರೂಪಿಸಬಹುದು. ಅನುವಾದವನ್ನು ಮಾತ್ರ ಅದು ಮಾಡಿಕೊಡದು. ಉತ್ತರ-ಪ್ರತ್ಯುತ್ತರಗಳಲ್ಲಿ ಒಂದೇ ಒಕ್ಕಣೆ ಮತ್ತೆ ಮತ್ತೆ ಸೇರದಂತೆ ವಿನಾಯಿತಿಯನ್ನೂ ನಮೂದಿಸಬೇಕು. ಕನ್ನಡ ಪಠ್ಯ ಯೂನಿಕೋಡ್‌ನಲ್ಲೇ ಇರಲಿ. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಎಚ್ಚರಿಕೆ, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಿಸುತ್ತದೆ.