ನೆಲದಡಿಯ ಟೈಲುಗೋಡೆ: ಇಂಟೆಂಡೆಂಟೆ ನಿಲ್ದಾಣ, ಲಿಸ್ಬನ್

1966ರಲ್ಲಿ ತೆರೆದ ಈ ಮೆಟ್ರೊ ನಿಲ್ದಾಣದ ಗೋಡೆಗಳನ್ನು ವಿನ್ಯಾಸ ಮಾಡಿದವರು ಮಾರಿಯಾ ಕೈಲ್ (1914–2012). 1959ರಲ್ಲಿ ಮೆಟ್ರೊ ಶುರುವಾದಾಗಿನ ಬಹುಪಾಲು ನಿಲ್ದಾಣಗಳ ಟೈಲು ವಿನ್ಯಾಸವೂ ಅವರದೇ. ಆ ನಿಲ್ದಾಣಗಳ ವಾಸ್ತುಶಿಲ್ಪಿ ಫ್ರಾನ್ಸಿಸ್ಕೊ ಕೈಲ್ ದು ಅಮರಾಲ್, ಮಾರಿಯಾ ಅವರ ಪತಿ.

‘ಅಜುಲೇಜು’ ಎಂಬ ಮೆರುಗಿನ ಟೈಲು ಲಿಸ್ಬನ್ನಿನ ಹಳೆಯ ಸೊತ್ತು. ಇಗರ್ಜಿಗಳಲ್ಲಿ, ಅರಮನೆಗಳಲ್ಲಿ ಅದು ನೀಲಿ-ಬಿಳಿ ಬಣ್ಣದಲ್ಲಿ ಕಥೆ ಹೇಳುತ್ತಿತ್ತು. 1755ರ ಭೂಕಂಪದ ನಂತರ ಊರನ್ನು ಮತ್ತೆ ಕಟ್ಟುವಾಗ ಸರಳ, ಅಗ್ಗದ, ಮರುಕಳಿಸುವ ನಮೂನೆಗಳು ಮನೆಮನೆಗೂ ಬಂದವು. ಮಾರಿಯಾ ಕೈಲ್ ಹಿಡಿದದ್ದು ಈ ಎರಡನೆಯ ದಾರಿ. ರೈಲಿಗೆ ಓಡುವವರಿಗೆ ಕಥಾಚಿತ್ರದ ಮುಂದೆ ನಿಲ್ಲಲು ಪುರುಸೊತ್ತೆಲ್ಲಿ?

ಹತ್ತಿರ ಬಂದು ಒಂದೊಂದೇ ಟೈಲು ನೋಡಿ. ಅದರಲ್ಲಿರುವುದು ಆಕಾರದ ಒಂದು ತುಂಡು ಮಾತ್ರ. ಪಕ್ಕದ್ದನ್ನು ತಿರುಗಿಸಿ ಕೂರಿಸಿದಾಗ ರೇಖೆ ಮುಂದುವರಿಯುತ್ತದೆ, ಬಣ್ಣ ಬದಲಾದಾಗ ಲಯವೂ ಬದಲಾಗುತ್ತದೆ. ಇದನ್ನು ಬರೀ ಅಲಂಕಾರ ಎನ್ನುವುದು ಅನ್ಯಾಯ. ಕಿಟಕಿಯೇ ಇಲ್ಲದ ಜಾಗಕ್ಕೆ ಬೆಳಕನ್ನೂ ಚಲನೆಯನ್ನೂ ತಂದದ್ದು ಈ ಲೆಕ್ಕಾಚಾರವೇ.

ಟೈಲುಗಳು ತಯಾರಾದದ್ದು 1849ರಲ್ಲಿ ಸ್ಥಾಪನೆಯಾದ ವಿಯೂವಾ ಲಾಮೆಗು ಕಾರ್ಖಾನೆಯಲ್ಲಿ. ಅದರ ಹಳೆಯ ಕಟ್ಟಡ ನಿಲ್ದಾಣದ ಮೇಲಿನ ಚೌಕದಲ್ಲೇ ಇದೆ. ಮುಂಭಾಗದ ತುಂಬ ಟೈಲುಚಿತ್ರಗಳು, ವ್ಯಾಪಾರಕ್ಕೆ ಒಳ್ಳೆಯ ಜಾಹೀರಾತು.